ಮೀಟರ್‌ಗೇಜ್ ಕಾಲದ ಸಣ್ಣ ಸ್ಟೇಷನ್ ಮಾದರಿ: ಯಾವ ಅಳತೆ, ಯಾವ ಸಾಮಾನು?

ಮೀಟರ್‌ಗೇಜ್_ಮಗ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮೂರು ಗದಗ–ಹೋಟಗಿ ಲೈನಿನ ಪಕ್ಕದಲ್ಲಿದೆ. 1884ರಲ್ಲಿ ಹಾಕಿದ ಮೀಟರ್‌ಗೇಜ್ ಲೈನ್ ಅದು. ನಾನು ಚಿಕ್ಕವನಿದ್ದಾಗ ಅಜ್ಜನ ಜೊತೆ ಸ್ಟೇಷನ್ನಿಗೆ ಹೋಗಿ ಬೇವಿನ ಮರದ ಕೆಳಗೆ ಕೂತು ಗಾಡಿ ಕಾಯುತ್ತಿದ್ದೆ. ಈಗ ಅಲ್ಲಿ ಬ್ರಾಡ್‌ಗೇಜ್. ಹಳೆಯದರ ಗುರುತು ಅಷ್ಟಾಗಿ ಉಳಿದಿಲ್ಲ.

ಮನೆಯಲ್ಲಿ ಗೋಡೆಗೆ 6 ಅಡಿ ಉದ್ದ, 18 ಇಂಚು ಅಗಲದ ಹಲಗೆ ಹೊಡೆದಿದ್ದೇನೆ. ಅದರ ಮೇಲೆ 1985ರ ಸುಮಾರಿನ ಒಂದು ಸಣ್ಣ ಸ್ಟೇಷನ್ ಕಟ್ಟಬೇಕು. ಒಂದು ಮೇನ್ ಲೈನ್, ಒಂದು ಲೂಪ್ (ಪಕ್ಕಕ್ಕೆ ಹೋಗಿ ಮತ್ತೆ ಮೇನ್ ಲೈನಿಗೇ ಕೂಡುವ ಹಳಿ), ಸಾಮಾನು ಇಳಿಸಲು ಗೂಡ್ಸ್ ಸೈಡಿಂಗ್ ಒಂದು. ಕಲ್ಲಿನ ಕಟ್ಟಡ, ನೀರಿನ ಟಾಕಿ, ಬೇವಿನ ಮರ. ಇಂಥದೇ ಸ್ಟೇಷನ್ ಅಂತ ಇಲ್ಲ, ಹೆಸರು ನಾನೇ ಇಡುತ್ತೇನೆ. ಇಲ್ಲಾಂದ್ರೆ ಊರವರು ಬಂದು ಕಿಟಕಿ ಎಣಿಸುತ್ತಾರೆ.

ತೊಂದರೆ ಏನಂದ್ರೆ, ನಾನು ಮೊದಲೇ ಒಂದು ಎಚ್‌ಒ ಮಾದರಿ ರೈಲಿನ ಸೆಟ್ ತಗೊಂಡುಬಿಟ್ಟೆ. ಅದರ ಹಳಿ ಹಾಸಿ ನೋಡಿದರೆ ನಮ್ಮ ಲೈನ್ ಥರ ಕಾಣುವುದೇ ಇಲ್ಲ. ಏನೋ ದೊಡ್ಡದಾಯಿತು. ಎಲ್ಲಿ ತಪ್ಪಿದೆ?

ಉದ್ಯಮಬಾಗ_ಫಿಟ್ಟರ್ (ಬೆಳಗಾವಿ)

ತಪ್ಪಿದ್ದು ಅಂಗಡಿಯಲ್ಲೇ ರೀ. ಅಳತೆ (ನಿಜದ್ದನ್ನು ಎಷ್ಟು ಪಟ್ಟು ಚಿಕ್ಕದು ಮಾಡಿದ್ದು) ಬೇರೆ, ಗೇಜ್ (ಎರಡು ಹಳಿ ನಡುವಿನ ಅಂತರ) ಬೇರೆ. ಎರಡನ್ನೂ ಒಂದೇ ಅಂದುಕೊಂಡು ನಾವೆಲ್ಲ ಮೊದಲ ದುಡ್ಡು ಕಳೆದುಕೊಂಡವರೇ.

ಎಚ್‌ಒ ಅಂದರೆ 1:87. ಅಂದರೆ 1 ಅಡಿಗೆ 3.5 ಮಿ.ಮೀ. ಅದರ ಹಳಿಯ ಅಂತರ 16.5 ಮಿ.ಮೀ. ಇದನ್ನು 87ರಿಂದ ಗುಣಿಸಿ: 1435 ಮಿ.ಮೀ. ಬರುತ್ತದೆ. ಅದು ಯುರೋಪ್, ಅಮೆರಿಕದ ಗೇಜ್, ನಮ್ಮದಲ್ಲ. ನಮ್ಮ ಬ್ರಾಡ್‌ಗೇಜ್ 1676, ಮೀಟರ್‌ಗೇಜ್ 1000. ಅದೇ ಅಳತೆಯಲ್ಲಿ ಮೀಟರ್‌ಗೇಜ್‌ಗೆ ಬೇಕಾದದ್ದು 11.5 ಮಿ.ಮೀ. ನೀವು ಹಾಸಿದ್ದು 16.5. ಕಾಣುವುದು ಹೇಗೆ?

ನನ್ನ ಸಲಹೆ: ಕಟ್ಟಡ, ರೈಲು ಡಬ್ಬಿ, ಜನ ಎಲ್ಲ 1:87ರಲ್ಲೇ ಇರಲಿ. ಹಳಿ ಮಾತ್ರ 12 ಮಿ.ಮೀ.ದು ಹಾಕಿ. ಸ್ವಿಟ್ಜರ್ಲೆಂಡಿನ ಮೀಟರ್‌ಗೇಜ್ ಮಾದರಿಗೆ ಅಂತಲೇ ಇಂಥ ಹಳಿ ಸಿಗುತ್ತದೆ, ಆದರೆ ರೇಟು ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಅದರ ಬದಲು ಟಿಟಿ ಅಳತೆಯ ಹಳಿ ತರಿಸಿ. ಟಿಟಿ ಅಂದರೆ 1:120, ಹಳಿ ಅಂತರ ಅದರದ್ದೂ 12 ಮಿ.ಮೀ.

ಘಟಪ್ರಭಾ_ಗೂಡ್ಸ್ (ಗೋಕಾಕ ತಾಲೂಕು)

ಫಿಟ್ಟರ್ ಸಾಹೇಬರು ಮತ್ತೆ ಶುರು ಮಾಡಿದರು. ನಾನು ಹತ್ತು ವರ್ಷದಿಂದ 16.5ರ ಮೇಲೇ ನಮ್ಮ ಬ್ರಾಡ್‌ಗೇಜ್ ಓಡಿಸುತ್ತಿದ್ದೇನೆ. ಒಬ್ಬರೂ ಬಂದು ಸ್ಕೇಲ್ ಹಿಡಿದಿಲ್ಲ. ಬರುವ ವ್ಯತ್ಯಾಸ 2.8 ಮಿ.ಮೀ. ಅಷ್ಟೇ.

ಉದ್ಯಮಬಾಗ_ಫಿಟ್ಟರ್

ಪಕ್ಕದಿಂದ ನೋಡಿದರೆ ಕಾಣುವುದಿಲ್ಲ, ಒಪ್ಪುತ್ತೇನೆ. ಮುಂದಿನಿಂದ ನೋಡಿ. ಅಗಲವಾದ ಡಬ್ಬಿ, ಕೆಳಗೆ ಸಣ್ಣ ಹಳಿ. ದಪ್ಪ ಮನುಷ್ಯ ಬಿಗಿಯಾದ ಚಪ್ಪಲಿ ಹಾಕಿಕೊಂಡ ಹಾಗಿರುತ್ತದೆ. 16.5ರ ಮೇಲೆ ನಮ್ಮ ಬ್ರಾಡ್‌ಗೇಜ್ ಸರಿ ಕೂರಬೇಕೆಂದರೆ ಅಳತೆಯನ್ನೇ 1:100 ಮಾಡಬೇಕು. ಆಗ 16.76 ಬೇಕು, ಹತ್ತಿರಕ್ಕೆ ಬಂತು. ಆದರೆ ಆ ಅಳತೆಯಲ್ಲಿ ಜನ, ಗಾಡಿ, ಕಿಟಕಿ ಎಲ್ಲ ನೀವೇ ಮಾಡಿಕೊಳ್ಳಬೇಕು.

ಇರಲಿ, ಇಲ್ಲಿ ಕೇಳಿದ್ದು ಮೀಟರ್‌ಗೇಜ್. 12ಕ್ಕೆ 16.5 ಹಾಕಿದರೆ ಅದು ಯಾವ ದಿಕ್ಕಿನಿಂದ ನೋಡಿದರೂ ಕಾಣುವ ತಪ್ಪು.

ಲೋಂಡಾ_ಲೂಪ್‌ಲೈನ್ (ಖಾನಾಪುರ ತಾಲೂಕು)

ನಾನು ರೈಲ್ವೆಯಲ್ಲೇ ಇದ್ದವನು, ಈಗ ನಿವೃತ್ತ. ಟಿಟಿ ಹಳಿ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಮೀಟರ್‌ಗೇಜ್ ಮರದ ಸ್ಲೀಪರ್ (ಹಳಿ ಕೆಳಗಿನ ಅಡ್ಡ ತೊಲೆ) 6 ಅಡಿ ಉದ್ದ, 8 ಇಂಚು ಅಗಲ. 1:87ರಲ್ಲಿ 21 ಮಿ.ಮೀ. ಮತ್ತು 2.3 ಮಿ.ಮೀ. ನನ್ನ ಮೊಮ್ಮಗ ತರಿಸಿದ ಟಿಟಿ ಹಳಿಯನ್ನು ಅಳೆದು ನೋಡಿದೆ. ಸ್ಲೀಪರ್ ಹೆಚ್ಚುಕಡಿಮೆ ಅಷ್ಟೇ ಇದೆ. ಅಂತರ ಮಾತ್ರ ತುಸು ಹತ್ತಿರ. ಕೆಳಗಿನ ಪ್ಲಾಸ್ಟಿಕ್ ಕೊಂಡಿ ಕತ್ತರಿಸಿ ಒಂದೊಂದನ್ನೂ ಸರಿಸಿದರೆ ಆಯಿತು. ಲೂಪ್ ಮತ್ತು ಸೈಡಿಂಗಿನಲ್ಲಿ ಅಂತರ ಜಾಸ್ತಿ ಬಿಡಿ, ಎರಡು ಮೂರು ಸ್ಲೀಪರ್ ಸೊಟ್ಟಗೆ ಇಡಿ. ಮೇನ್ ಲೈನಿನಲ್ಲಿ ಮಾತ್ರ ಸೊಟ್ಟ ಇಡಬೇಡಿ, ಹಳಿ ನೋಡಿಕೊಳ್ಳುವ ಗ್ಯಾಂಗ್‌ನವರಿಗೆ ಅವಮಾನ.

ಇನ್ನು ಸ್ಟೇಷನ್. ಆ ಕಾಲದ ಸಣ್ಣ ಸ್ಟೇಷನ್ನಿನಲ್ಲಿ ಎತ್ತರದ ಪ್ಲಾಟ್‌ಫಾರ್ಮ್ ಮಾಡಿದರೆ ಅಲ್ಲೇ ಕೆಟ್ಟಿತು. ಹಳಿ ಮಟ್ಟಕ್ಕೇ ಮಣ್ಣು, ಅಂಚಿಗೆ ಒಂದು ಸಾಲು ಕಲ್ಲು. ಜನ ಮೆಟ್ಟಿಲು ಹಿಡಿದು ಹತ್ತುತ್ತಿದ್ದರು. ಕಟ್ಟಡದ ಮುಂದೆ ಕೆಂಪು ಬಕೆಟ್ ಸಾಲು, ಒಳಗೆ ಮರಳು. ತೂಗುಹಾಕಿದ ಹಳಿ ತುಂಡು, ಅದೇ ಗಂಟೆ. ತೂಕದ ಯಂತ್ರ. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ, ಮೂರು ಭಾಷೆ.

ಮತ್ತೆ ಕೈಮರ, ಅಂದರೆ ತೋಳಿನ ಸಿಗ್ನಲ್. ತೋಳು ಅಡ್ಡ ಇದ್ದರೆ ನಿಲ್ಲು, ಕೆಳಗೆ ಬಿದ್ದರೆ ಬಾ. ಮೇಲಕ್ಕೆ ಏಳುವ ಕೈಮರವೂ ಇದೆ, ಆದರೆ ಅಂಥ ಸಣ್ಣ ಸ್ಟೇಷನ್ನಿಗೆ ಕೆಳಗೆ ಬೀಳುವುದೇ ಸರಿ. ಕೈಮರದಿಂದ ಅದನ್ನು ಎಳೆಯುವ ಲಿವರ್ ತನಕ ನೆಲದ ಹತ್ತಿರ ರಾಟೆ ಮೇಲೆ ತಂತಿ ಓಡುತ್ತದೆ. ಆ ತಂತಿ ಮಾಡಿದ ಮಾದರಿ ನಾನು ಇನ್ನೂ ನೋಡಿಲ್ಲ. ಯಾರಾದರೂ ಮಾಡಿರಪ್ಪ.

ಬಾದಾಮಿ_ಬಣ್ಣದಾಕೆ (ಬಾಗಲಕೋಟೆ ಜಿಲ್ಲೆ)

ತಂತಿ ಹಳೆಯ ಇಯರ್‌ಫೋನಿನ ಒಳಗೆ ಸಿಗುತ್ತದೆ ಕಾಕಾ. ಕೂದಲಿನಷ್ಟು ಸಣ್ಣದು.

ಕಲ್ಲಿನ ಗೋಡೆ ಬಗ್ಗೆ ನಾನು ಹೇಳುತ್ತೇನೆ, ಅದು ನನ್ನ ಹುಚ್ಚು. ಪ್ರಿಂಟ್ ಮಾಡಿದ ಕಲ್ಲಿನ ಹಾಳೆ ಅಂಟಿಸಬೇಡಿ. ದೂರದಿಂದಲೂ ಅದು ಕಾಗದ ಅಂತ ಗೊತ್ತಾಗುತ್ತದೆ. 3 ಮಿ.ಮೀ. ಸನ್‌ಬೋರ್ಡ್ ತಗೊಳ್ಳಿ, ಫ್ಲೆಕ್ಸ್ ಬೋರ್ಡ್ ಮಾಡುವವರ ಹತ್ತಿರ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಮೇಲಿನ ನುಣುಪು ಪದರವನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ಆಮೇಲೆ ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಸಂದು ಗೀರಿ. ಕಲ್ಲಿನ ಒಂದು ವರಸೆ ಸುಮಾರು 1 ಅಡಿ ಇದ್ದರೆ ನಿಮಗೆ 3.5 ಮಿ.ಮೀ. ಅಡ್ಡ ಗೆರೆ ನೇರ ಇರಲಿ. ಉದ್ದ ಗೆರೆ ಮಾತ್ರ ಒಂದರ ಮೇಲೊಂದು ಬರಬಾರದು. ಗೌಂಡಿ ಹಾಗೆ ಕಟ್ಟುವುದಿಲ್ಲ, ನೀವೂ ಗೀರಬಾರದು.

ಬಣ್ಣ ಊರ ಮೇಲೆ ಹೋಗುತ್ತದೆ. ವಿಜಯಪುರ ಕಡೆ ಕಪ್ಪುಗಲ್ಲು. ಆದರೆ ಡಬ್ಬಿಯಿಂದ ಕಪ್ಪು ಬಣ್ಣ ಬಳಿದರೆ ಗೋಡೆ ಸುಟ್ಟ ಹಾಗೆ ಕಾಣುತ್ತದೆ. ಬೂದು ಬಳಿಯಿರಿ, ಅದರಲ್ಲಿ ಚೂರು ನೀಲಿ, ಚೂರು ಕಂದು. ಹತ್ತಿಪ್ಪತ್ತು ಕಲ್ಲಿಗೆ ಬೇರೆ ಬೇರೆ ಛಾಯೆ ಕೊಡಿ. ಒಣಗಿದ ಮೇಲೆ ಸುಣ್ಣದ ಬಣ್ಣವನ್ನು ನೀರು ಮಾಡಿ ಹರಿಸಿ ಬಟ್ಟೆಯಿಂದ ಒರೆಸಿ. ಸಂದಿನಲ್ಲಿ ಮಾತ್ರ ಬಿಳಿ ಉಳಿಯುತ್ತದೆ. ಅದೇ ಗಚ್ಚು. ನಮ್ಮ ಬಾದಾಮಿ ಕಡೆ ಮಾಡುವುದಾದರೆ ಕೆಂಪು ಮರಳುಗಲ್ಲು, ಅದಕ್ಕೆ ಹಳದಿಯಿಂದ ಶುರು ಮಾಡಿ ಕೆಂಪಿಗೆ ಹೋಗಬೇಕು. ಮೊದಲೇ ಕೆಂಪು ಬಳಿದರೆ ಹೆಂಚಿನ ಗೋಡೆಯಾಗುತ್ತದೆ.

ಚಾವಣಿ ಮರೆಯಬೇಡಿ. ಮಂಗಳೂರು ಹೆಂಚು ಲೋಂಡಾ, ಖಾನಾಪುರ ಕಡೆಗೆ ಚಂದ. ನಿಮ್ಮ ಸ್ಟೇಷನ್ನಿನ ಹಿಂದೆ ಊರು ತೋರಿಸುತ್ತೀರಾದರೆ ಮಣ್ಣಿನ ಮಾಳಿಗೆ ಮನೆ ಮಾಡಿ, ಮೇಲೆ ಒಂದು ಬೆಳಕಿಂಡಿ, ಗೋಡೆಗೆ ಆನಿಸಿದ ಏಣಿ.

ಉದ್ಯಮಬಾಗ_ಫಿಟ್ಟರ್

ಗೂಡ್ಸ್ ಶೆಡ್ಡಿಗೆ ಪತ್ರಾಸ್ ಬೇಕಾದರೆ ನನ್ನ ಕೈಯ ಉಪಾಯ. ನಿಜವಾದ ಪತ್ರಾಸಿನ ಅಲೆ ಸುಮಾರು 75 ಮಿ.ಮೀ.ಗೆ ಒಂದು. 1:87ರಲ್ಲಿ 0.86. ಎಂ5 ಬೋಲ್ಟಿನ ಆಟೆಯಿಂದ ಆಟೆಗೆ (ಸುತ್ತುಗೆರೆಯಿಂದ ಸುತ್ತುಗೆರೆಗೆ) 0.8. ಗೊತ್ತಾಯಿತಲ್ಲ? ಒಂದು ಎಂ5 ಸ್ಟಡ್ ತಗೊಂಡು, ರಬ್ಬರ್ ಶೀಟಿನ ಮೇಲೆ ಊಟ ಕಟ್ಟುವ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಲಟ್ಟಣಿಗೆ ಥರ ಒತ್ತಿ ಉರುಳಿಸಿ. ಅಚ್ಚು ಬೀಳುತ್ತದೆ. ಆಟೆ ಓರೆ ಇರುವುದರಿಂದ ಗೆರೆಯೂ ತುಸು ಓರೆ ಬರುತ್ತದೆ, ಕತ್ತರಿಸುವಾಗ ಗೆರೆ ನೋಡಿ ಕತ್ತರಿಸಿ. ಒಂದೊಂದು ಶೀಟ್ ಬಿಡಿಬಿಡಿಯಾಗಿ ಮಾಡಿ ಒಂದರ ಮೇಲೊಂದು ಹೊದಿಸಿ. ಇಡೀ ಚಾವಣಿಗೆ ಒಂದೇ ಹಾಳೆ ಬೇಡ.

ಆಲಮಟ್ಟಿ_ಪ್ರಿಂಟರ್ (ವಿಜಯಪುರ ಜಿಲ್ಲೆ)

ಸೂಪರ್ ಅಣ್ಣಾ. ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ನನ್ನ ಹತ್ತಿರ ತ್ರೀಡಿ ಪ್ರಿಂಟರ್ ಇದೆ. ಒಂದು ಪ್ರಶ್ನೆ. ವಿಜಯಪುರ ಅಂದ ಮೇಲೆ ಹಿಂದೆ ಗೋಳಗುಮ್ಮಟ ಬೇಡವಾ? ಪ್ರಿಂಟ್ ಮಾಡಿ ಕೊಡಲಾ?

ಬಾದಾಮಿ_ಬಣ್ಣದಾಕೆ

ತಮ್ಮಾ, ಮೊದಲು ಲೆಕ್ಕ ಹಾಕು. ಗುಮ್ಮಟದ ಎತ್ತರ ಸುಮಾರು 51 ಮೀಟರ್, ಒಂದೊಂದು ಬದಿ 47.5 ಮೀಟರ್. 1:87ರಲ್ಲಿ ಎತ್ತರ 59 ಸೆಂ.ಮೀ., ಅಗಲ 55 ಸೆಂ.ಮೀ. ಅವರ ಹಲಗೆಯೇ 18 ಇಂಚು, ಅಂದರೆ 46 ಸೆಂ.ಮೀ. ಗುಮ್ಮಟದ ಮೇಲೆ ಸ್ಟೇಷನ್ ಕಟ್ಟಬೇಕಾಗುತ್ತದೆ.

ದೂರದಲ್ಲಿ ಇದೆ ಅಂತ ತೋರಿಸುವುದಾದರೆ 1:300ಕ್ಕೆ ಮಾಡು. 17 ಸೆಂ.ಮೀ. ಎತ್ತರ ಆಗುತ್ತದೆ. ಇಡೀ ಗುಮ್ಮಟ ಬೇಡ, ಮುಂದಿನ ಅರ್ಧ ಸಾಕು, ಹಿಂದಿನ ಆಕಾಶದ ಹಲಗೆಗೆ ಅಂಟಿಸಬಹುದು. ಬಣ್ಣದಲ್ಲಿ ಬಿಳಿ ಮತ್ತು ನೀಲಿ ಬೆರೆಸಿ ಮಂಕು ಮಾಡಬೇಕು. ಗೆರೆ ಸ್ಪಷ್ಟ ಇರಬಾರದು. ಗುಮ್ಮಟ ಮತ್ತು ಸ್ಟೇಷನ್ ನಡುವೆ ಬೇವು, ಹುಣಸೆ ಮರಗಳ ಒಂದು ಸಾಲು ಇಟ್ಟರೆ ಎರಡು ಅಳತೆ ಕೂಡುವ ಜಾಗ ಮುಚ್ಚಿಹೋಗುತ್ತದೆ. ಎದುರಿನ ಮರ ದೊಡ್ಡದು, ಹಿಂದಿನದು ಸಣ್ಣದು.

ಆದರೂ ನನ್ನ ಮನಸ್ಸಿನ ಮಾತು: ಹಾಕಬೇಡಿ. ಅದು ಬಂದರೆ ನೋಡುವವರ ಕಣ್ಣು ಅಲ್ಲೇ ಹೋಗುತ್ತದೆ. ಬಕೆಟ್ಟು, ಕೈಮರ ಯಾರು ನೋಡುತ್ತಾರೆ?

ಮೀಟರ್‌ಗೇಜ್_ಮಗ

ಅಕ್ಕಾ ಹೇಳಿದ್ದು ಸರಿ. ನಮ್ಮ ಸ್ಟೇಷನ್ನಿನಿಂದ ಗುಮ್ಮಟ ಕಾಣುತ್ತಲೂ ಇರಲಿಲ್ಲ. ಕಾಣುತ್ತಿದ್ದದ್ದು ಎರಿ ಹೊಲ, ಬಿಳಿಜೋಳ. ಅದನ್ನೇ ಮಾಡುತ್ತೇನೆ. ಟಿಟಿ ಹಳಿಗೆ ಆರ್ಡರ್ ಹಾಕಿದೆ. ಅದು ಬರುವವರೆಗೆ ನೆಲದ ಕೆಲಸ ಹೇಳಿ. ಮಾರುಕಟ್ಟೆಯಲ್ಲಿ ಸಿಗುವ ಹುಲ್ಲಿನ ಪೊಟ್ಟಣ ತುಂಬ ಹಸಿರು. ನಮ್ಮಲ್ಲಿ ಅಷ್ಟು ಹಸಿರು ಶ್ರಾವಣದಲ್ಲೂ ಇರುವುದಿಲ್ಲ.

ಘಟಪ್ರಭಾ_ಗೂಡ್ಸ್

ಜಲ್ಲಿಗೆ ಮಾತ್ರ ರವಾ ಹಾಕಬೇಡಿ. ನಾನು ಮೊದಲ ಸಲ ಬಾಂಬೆ ರವಾಕ್ಕೆ ಬೂದು ಬಣ್ಣ ಬೆರೆಸಿ ಹಾಕಿದ್ದೆ. ಕಾಳಿನ ಅಳತೆ ಅಷ್ಟು ಚಂದ ಹೊಂದಿತ್ತು! ಒಂದು ವಾರ ಬಿಟ್ಟು ನೋಡಿದರೆ ಲೋಂಡಾದಿಂದ ಮೀರಜ್‌ವರೆಗೂ ಇರುವೆ. ಮಳೆಗಾಲದಲ್ಲಿ ಬೂಸ್ಟು ಬೇರೆ ಬಂತು.

ನಿಜವಾದ ಜಲ್ಲಿ ಸುಮಾರು 50 ಮಿ.ಮೀ. ಮಾದರಿಯಲ್ಲಿ 0.6 ಮಿ.ಮೀ. ಕ್ರಷರ್ ಪುಡಿ ತಂದು ಮೊದಲು ಚಹಾ ಸೋಸುವ ಜಾಲರಿಯಲ್ಲಿ ಸೋಸಿ. ಕೆಳಗೆ ಬಿದ್ದದ್ದನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ ದೂಳು ತೆಗೆಯಿರಿ. ಬಟ್ಟೆಯಲ್ಲಿ ಉಳಿದದ್ದೇ ಜಲ್ಲಿ. ಅದರ ಮೇಲೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಚೂರು ಇದ್ದರೆ ಹತ್ತುತ್ತದೆ, ಇಲ್ಲಾಂದ್ರೆ ಅದು ಹೋಗಿ ಇಂಜಿನ್ ಮೋಟಾರಿನಲ್ಲಿ ಕೂರುತ್ತದೆ. ಹಳಿ ನಡುವೆ ಸುರಿದು ಬ್ರಷ್‌ನಿಂದ ಸಮ ಮಾಡಿ. ಸ್ಲೀಪರ್ ಮೇಲೆ ಒಂದು ಕಾಳೂ ಇರಬಾರದು. ಮೊದಲು ಬರೀ ನೀರು ಸ್ಪ್ರೇ ಮಾಡಿ. ಆಮೇಲೆ ಒಂದು ಪಾಲು ಫೆವಿಕಾಲ್, ಮೂರು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಡ್ರಾಪರ್‌ನಿಂದ ಬಿಡಿ. ಸೋಪು ಇಲ್ಲದಿದ್ದರೆ ಹನಿ ಮೇಲೇ ಉಂಡೆ ಕಟ್ಟುತ್ತದೆ. ಪಾಯಿಂಟಿನ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಆಡುವ ಭಾಗದ ಹತ್ತಿರ ಅಂಟು ಹೋಗಬಾರದು. ಹೋದರೆ ಆ ಪಾಯಿಂಟ್ ಜನ್ಮದಲ್ಲಿ ಅಲ್ಲಾಡುವುದಿಲ್ಲ.

ಲೋಂಡಾ_ಲೂಪ್‌ಲೈನ್

ಸೈಡಿಂಗಿಗೆ ಇಷ್ಟು ಚೊಕ್ಕ ಜಲ್ಲಿ ಬೇಡ. ಮಣ್ಣು, ಬೂದಿ, ಹುಲ್ಲು ಸೇರಿ ಸ್ಲೀಪರ್ ಅರ್ಧ ಮುಚ್ಚಿರುತ್ತಿತ್ತು. ಇಂಜಿನ್ ನಿಲ್ಲುವ ಜಾಗದಲ್ಲಿ ಹಳಿ ನಡುವೆ ಕಪ್ಪು ಎಣ್ಣೆ ಕಲೆ ಹಾಕಿ.

ಬಾದಾಮಿ_ಬಣ್ಣದಾಕೆ

ಎರಿ ಮಣ್ಣಿಗೆ ಎರಿ ಮಣ್ಣೇ ಬಳಸಿ. ಆದರೆ ಒಂದು ಗುಟ್ಟಿದೆ. ಹೊಲದಿಂದ ತಂದ ಮಣ್ಣಿಗೆ ಅಂಟು ಹಾಕಿದರೆ ಡಾಂಬರಿನಷ್ಟು ಕಪ್ಪಾಗುತ್ತದೆ. ಬಿಸಿಲಿಗೆ ಒಣಗಿದ ಎರಿ ನಿಜವಾಗಿ ಬೂದುಗಂದು. ಹಾಗಾಗಿ ಮೇಲೆ ಒಂದಿಷ್ಟು ಒಣ ಊದಿನಕಡ್ಡಿ ಬೂದಿ ಉದುರಿಸಿ ಬ್ರಷ್ ಆಡಿಸಿ, ಬಣ್ಣ ಇಳಿಯುತ್ತದೆ.

ಬಿರುಕು ಕೆತ್ತುವುದು ಬೇಡ. ನುಣ್ಣಗೆ ಸೋಸಿದ ಎರಿಯನ್ನು ನೀರಿನಲ್ಲಿ ಹಿಟ್ಟಿನ ಹದಕ್ಕೆ ಕಲಸಿ, ಫೆವಿಕಾಲ್ ತುಸುವೇ ಹಾಕಿ, ಹಲಗೆ ಮೇಲೆ 2 ಮಿ.ಮೀ. ದಪ್ಪ ಸವರಿ ಫ್ಯಾನ್ ಕೆಳಗೆ ಬಿಡಿ. ಒಣಗುತ್ತಾ ಅದೇ ಬಿರುಕು ಬಿಡುತ್ತದೆ. ಪದರ ತೆಳುವಾದಷ್ಟೂ ಬಿರುಕು ಸಣ್ಣದು. ಬೇರೆ ಊರಿನವರು ಇದಕ್ಕೆಂದು ಬಾಟಲಿ ಕೊಳ್ಳುತ್ತಾರೆ. ನಾವು ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಮಣ್ಣು ತಗೊಂಡರೆ ಆಯಿತು.

ಜೋಳದ ಬೆಳೆ ಆಳೆತ್ತರ ಅಂದರೆ 20 ಮಿ.ಮೀ. ಸುತ್ತಮುತ್ತ. ಕಾಲೊರಸುವ ಮ್ಯಾಟಿನ ನಾರು ಕತ್ತರಿಸಿ ನೆಡಿ, ತುದಿಗೆ ಕೆನೆ ಬಣ್ಣ ಮುಟ್ಟಿಸಿ. ಹಳಿ ಪಕ್ಕ ಬಳ್ಳಾರಿ ಜಾಲಿ ಇರಲೇಬೇಕು. ಮೋಟಾರ್ ರಿವೈಂಡಿಂಗ್ ಅಂಗಡಿಯ ಹಳೆ ತಾಮ್ರದ ತಂತಿ ಹೊಸೆದು ಕೊಂಬೆ ಮಾಡಿ, ತೆಂಗಿನ ನಾರು ಹಿಂಜಿ ಹೊದಿಸಿ. ಬೇವಿಗೆ ಮಾತ್ರ ದಟ್ಟ ತಲೆ ಬೇಕು, ಕೆಳಗೆ ಕಾಂಡ ಕಾಣಬೇಕು. ನೆರಳಿಲ್ಲದಿದ್ದರೆ ಅಜ್ಜ ಕೂರುವುದೆಲ್ಲಿ?

ಆಲಮಟ್ಟಿ_ಪ್ರಿಂಟರ್

ಡಬ್ಬಿ ವಿಷಯ ಯಾರೂ ಮಾತಾಡಲಿಲ್ಲ. ನಾನು ಮೀಟರ್‌ಗೇಜ್ ಗೂಡ್ಸ್ ಡಬ್ಬಿ ಒಂದು ಪ್ರಿಂಟ್ ಮಾಡಿದೆ. ಪಿಎಲ್‌ಎ ಪ್ಲಾಸ್ಟಿಕ್. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಒಂದು ತಾಸು ಬಿಟ್ಟು ಬಂದೆ. ಮೇ ತಿಂಗಳು. ಬಂದು ನೋಡಿದರೆ ಬಾಳೆಹಣ್ಣು.

ಉದ್ಯಮಬಾಗ_ಫಿಟ್ಟರ್

ಪಿಎಲ್‌ಎ 60 ಡಿಗ್ರಿಗೆ ಮೆತ್ತಗಾಗುತ್ತದೆ ತಮ್ಮಾ. ಮುಚ್ಚಿದ ಕಾರು ನಮ್ಮ ಬಿಸಿಲಿಗೆ ಸುಲಭವಾಗಿ ಅಷ್ಟು ಕಾಯುತ್ತದೆ. ಮೈಗೆ ಬೇಕಾದರೆ ಪ್ರಿಂಟ್ ಮಾಡು, ತಳಕ್ಕೆ ಹಿತ್ತಾಳೆ ಪಟ್ಟಿ ಹಾಕು. ತಳ ಸೊಟ್ಟಗಾದರೆ ನಾಲ್ಕು ಗಾಲಿಯಲ್ಲಿ ಒಂದು ಗಾಳಿಯಲ್ಲಿ ತೂಗುತ್ತದೆ, ಪಾಯಿಂಟ್ ಬಂದಾಗ ಹಳಿ ಬಿಡುತ್ತದೆ.

ತೂಕವನ್ನೂ ನೋಡು. 1:87ರ ಸಣ್ಣ ಗೇಜಿಗೆ ಅಮೆರಿಕದ ಮಾದರಿ ರೈಲು ಸಂಘದವರ ಲೆಕ್ಕ ಹೀಗಿದೆ: ಮೊದಲು 21 ಗ್ರಾಂ, ಆಮೇಲೆ ಉದ್ದದ ಒಂದೊಂದು ಇಂಚಿಗೆ 10.5 ಗ್ರಾಂ. 4 ಇಂಚಿನ ಡಬ್ಬಿಗೆ 63 ಗ್ರಾಂ. ಟೈರ್ ಅಂಗಡಿಯಲ್ಲಿ ಚಕ್ರ ಬ್ಯಾಲೆನ್ಸ್ ಮಾಡಲು ಅಂಟಿಸುವ ಬಿಲ್ಲೆ ಸಿಗುತ್ತವೆ, 5 ಗ್ರಾಂ, 10 ಗ್ರಾಂ. ಆದಷ್ಟು ಕೆಳಗೆ ಅಂಟಿಸು.

ಲೋಂಡಾ_ಲೂಪ್‌ಲೈನ್

ಬಫರ್! ಡಬ್ಬಿ ತುದಿಯಲ್ಲಿ ಗುದ್ದು ತಡೆಯುವ ಭಾಗ ಅದು. ಯುರೋಪಿನ ಡಬ್ಬಿ ತಂದು ಬಣ್ಣ ಬಳಿಯುವವರು ಮೊದಲು ಎರಡು ಬದಿಯ ಬಫರ್ ಕತ್ತರಿಸಿ. ನಮ್ಮ ಮೀಟರ್‌ಗೇಜ್‌ಗೆ ನಡುವೆ ಒಂದೇ ಬಫರ್, ಕೊಂಡಿಯೂ ಅದರಲ್ಲೇ. ಇದೊಂದು ತಪ್ಪಿದರೆ ನನಗೆ ಉಳಿದದ್ದು ಕಣ್ಣಿಗೇ ಬೀಳುವುದಿಲ್ಲ.

ಬಾದಾಮಿ_ಬಣ್ಣದಾಕೆ

ತುಕ್ಕಿಗೆ ಹುರಮಂಜು. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಮ್ಯಾಟ್ ವಾರ್ನಿಷ್ ಹೊಡೆದು, ಒಣಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ಪುಡಿ ಹಚ್ಚಿ, ಮತ್ತೆ ವಾರ್ನಿಷ್. ಎಲ್ಲ ಡಬ್ಬಿಗೂ ಒಂದೇ ಥರ ಹಚ್ಚಬೇಡಿ. ತುಕ್ಕು ನೀರು ನಿಲ್ಲುವಲ್ಲಿ ಬರುತ್ತದೆ: ಬಾಗಿಲ ಕೆಳಗೆ, ಮೂಲೆಯಲ್ಲಿ. ಹಳಿಯ ಬದಿಗೂ ಹಚ್ಚಿ, ಮೇಲಿನ ಹೊಳಪು ಮಾತ್ರ ಬಿಡಿ.

ಮೀಟರ್‌ಗೇಜ್_ಮಗ *(ನಾಲ್ಕು ತಿಂಗಳ ನಂತರ)*

ತಡವಾಯಿತು, ಕ್ಷಮಿಸಿ. ಹಳಿ ಹಾಸಿ, ಜಲ್ಲಿ ಹಾಕಿ ಆಯಿತು. ಎರಿ ಹೊಲ ತಾನೇ ಬಿರಿದಿದ್ದು ನೋಡಿ ಮನೆಯವರೆಲ್ಲ ಬಂದು ನಿಂತರು. ಇಯರ್‌ಫೋನ್ ತಂತಿ ಕೂಡ ಎಳೆದಿದ್ದೇನೆ ಕಾಕಾ, ಎಂಟು ರಾಟೆ ಮೇಲೆ.

ಸ್ಟೇಷನ್ ಮಾತ್ರ ಕೆಟ್ಟಿತು. ಗೋಡೆಗಳನ್ನು ಕೈಯಿಂದ ಕತ್ತರಿಸಲು ಬೇಜಾರಾಗಿ ಒಂದು ಅಂಗಡಿಗೆ ಫೈಲ್ ಕೊಟ್ಟೆ, ಲೇಸರ್ ಕಟಿಂಗ್‌ಗೆ. ಅವರು ಹಾಳೆಗೆ ಹೊಂದುವ ಹಾಗೆ ಹಿಗ್ಗಿಸಿ ಕತ್ತರಿಸಿದ್ದಾರೆ. ನಾನೂ ಅಳೆಯಲಿಲ್ಲ. ಎರಡು ವಾರ ಕೂತು ಕಲ್ಲು ಗೀರಿ, ಬಣ್ಣ ಮಾಡಿ, ಕಡೆಗೆ ಸ್ಟೇಷನ್ ಮಾಸ್ತರನ್ನು ಬಾಗಿಲಲ್ಲಿ ನಿಲ್ಲಿಸಿದೆ. ಶಾಲೆ ಹುಡುಗ ಬಂದ ಹಾಗಿದ್ದ. 7 ಅಡಿ ಬಾಗಿಲು 24.5 ಮಿ.ಮೀ. ಇರಬೇಕಿತ್ತು, ಇದು 31. ಅಂದರೆ ಸುಮಾರು 9 ಅಡಿ. ಬಿಸಾಕಲು ಮನಸ್ಸಿಲ್ಲ. ಏನು ಮಾಡಲಿ?

ಲೋಂಡಾ_ಲೂಪ್‌ಲೈನ್

ಬಿಸಾಕಬೇಡಿ. ಅದನ್ನು ಗೂಡ್ಸ್ ಶೆಡ್ ಮಾಡಿ. ಚೀಲ ಹೊತ್ತವನು ಬಗ್ಗದೆ ಒಳಗೆ ಹೋಗಬೇಕು, ಅದಕ್ಕೆ 9 ಅಡಿ ಬಾಗಿಲು ಸರಿಯೇ. ಎರಡು ಕಿಟಕಿ ಮುಚ್ಚಿ, ಮುಂದೆ ಕಟ್ಟೆ ಕಟ್ಟಿ, ಫಿಟ್ಟರ್ ಹೇಳಿದ ಪತ್ರಾಸ್ ಹೊದಿಸಿ. ಸೈಡಿಂಗಿನ ಪಕ್ಕಕ್ಕೆ ಸರಿಸಿ.

ಉದ್ಯಮಬಾಗ_ಫಿಟ್ಟರ್

ಸ್ಟೇಷನ್ ಮತ್ತೆ ಕಟ್ಟುವಾಗ ಮೊದಲು ಮಾಸ್ತರನ್ನು ಕತ್ತರಿಸಿ. 19 ಮಿ.ಮೀ. ರಟ್ಟಿನ ತುಂಡು ಸಾಕು. ಪ್ರತಿ ಬಾಗಿಲಿಗೂ ಅವನನ್ನು ನಿಲ್ಲಿಸಿ ನೋಡಿ, ಆಮೇಲೆ ಅಂಟು ಹಚ್ಚಿ.

ಮೀಟರ್‌ಗೇಜ್_ಮಗ *(ಐದು ವಾರದ ನಂತರ)*

ಶೆಡ್ ಆಯಿತು. ಹೊಸ ಸ್ಟೇಷನ್ನೂ ಆಯಿತು, ಈ ಸಲ ಕೈಯಿಂದಲೇ. ಬಾಗಿಲು 24.5. ಕೆಂಪು ಬಕೆಟ್ ನಾಲ್ಕು. ಹಳಿ ತುಂಡಿನ ಗಂಟೆ ಇದೆ. ಬೇವಿನ ಕೆಳಗೆ ಧೋತರ ಉಟ್ಟ ಒಬ್ಬರು, ಪಕ್ಕದಲ್ಲಿ ಚಡ್ಡಿ ಹುಡುಗ. ಫೋಟೋ ಹಾಕಿದ್ದೇನೆ. ಗಾಡಿ ಹೊರಗಿನಿಂದ ಬರುತ್ತಿದೆ, ಕೈಮರ ಬಿದ್ದಿದೆ.

ಬಾದಾಮಿ_ಬಣ್ಣದಾಕೆ

ನೆರಳು ಎಷ್ಟು ಚಂದ ಬಿದ್ದಿದೆ! ಗುಮ್ಮಟ ಇಲ್ಲದ್ದೇ ಒಳ್ಳೆಯದಾಯಿತು.

ಲೋಂಡಾ_ಲೂಪ್‌ಲೈನ್

ಎಲ್ಲ ಚೆನ್ನಾಗಿದೆ. ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಮೇನ್ ಲೈನಿನ ಕೈಮರ ಬಿದ್ದಿದೆ, ಆದರೆ ಪಾಯಿಂಟ್ ಲೂಪಿಗೆ ಹಾಕಿದ್ದೀರಿ. ಲೂಪಿನಲ್ಲಿ ಗೂಡ್ಸ್ ನಿಂತಿದೆ. ಆ ಲಿವರ್ ಹಾಗೆ ಎಳೆಯಲು ಬರುವುದೇ ಇಲ್ಲ, ಪಾಯಿಂಟ್ ಮತ್ತು ಕೈಮರದ ಲಿವರ್‌ಗಳನ್ನು ಒಂದಕ್ಕೊಂದು ಬಿಗಿದ ಇಂಟರ್‌ಲಾಕಿಂಗ್ ಬಿಡುವುದಿಲ್ಲ. ಮಾಸ್ತರ್ ಎಲ್ಲಿ?

ಮೀಟರ್‌ಗೇಜ್_ಮಗ

ಮಾಸ್ತರ್ ಬಾಗಿಲಲ್ಲೇ ನಿಂತಿದ್ದಾರೆ ಕಾಕಾ. ಪಾಯಿಂಟ್ ಮೇನ್ ಲೈನಿಗೆ ತಿರುಗಿಸಿ ಫೋಟೋ ಮತ್ತೆ ಹಾಕಿದ್ದೇನೆ, ನೋಡಿ.